ಮಂಗಳೂರಿನ ಮಳೆಗಾಲದಿಂದ ನನ್ನ ದೋಜಿನ್‌ಶಿ ಉಳಿಸಿಕೊಂಡ ಕಥೆ

ಜಪಾನಿನಲ್ಲಿ ಕಲಾವಿದರು ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸುವ ಕಾಮಿಕ್ಸ್ ಇವೆಯಲ್ಲ, ದೋಜಿನ್‌ಶಿ, ಅದರ ಹುಚ್ಚು ನನಗೆ. 1975ರಲ್ಲಿ ಶುರುವಾದ ಕಾಮಿಕೆಟ್‌ನಂಥ ಮೇಳದಲ್ಲಿ ಮಾರಿ ಮುಗಿದರೆ ಎಷ್ಟೋ ಪುಸ್ತಕ ಮತ್ತೆ ಅಚ್ಚಾಗುವುದೇ ಇಲ್ಲ. ಆಮೇಲೆ ಮಾಂಡರಾಕೆಯಂಥ ಸೆಕೆಂಡ್ ಹ್ಯಾಂಡ್ ಅಂಗಡಿಯೇ ಗತಿ. ಒಂದೊಂದೇ ತರಿಸಿದರೆ ಪುಸ್ತಕಕ್ಕಿಂತ ಅಂಚೆ ಖರ್ಚೇ ಜಾಸ್ತಿ, ಅದಕ್ಕೆ ನಮ್ಮ ಪರವಾಗಿ ಅಲ್ಲಿ ಕೊಂಡುಕೊಡುವ ಏಜೆಂಟ್ ಹತ್ತಿರ ಎಂಟು ಪುಸ್ತಕ ಸೇರಿಸಿಟ್ಟು ಒಂದೇ ಡಬ್ಬದಲ್ಲಿ ತರಿಸಿದೆ.

ಕಪಾಟಿನಲ್ಲಿಟ್ಟು ಸುಮ್ನೆ ಇದ್ದೆ. ಜುಲೈನಲ್ಲಿ ತೆಗೆದರೆ ಹಾಳೆಗಳೆಲ್ಲ ಸುಟ್ಟ ಹಪ್ಪಳದ ಹಾಗೆ ಅಲೆ ಅಲೆ! ಗಾಬರಿಯಲ್ಲಿ ಎಳೆದಾಗ ಪುಸ್ತಕ ಹಾಕಿಟ್ಟಿದ್ದ ಪ್ಲಾಸ್ಟಿಕ್ ಕವರಿನ ಅಂಟುಪಟ್ಟಿ ಮುಖಪುಟಕ್ಕೆ ಕಚ್ಚಿಕೊಂಡು, ಚಿತ್ರದ ಹುಡುಗಿಯ ಕಿವಿಯಷ್ಟು ಬಣ್ಣ ಕಿತ್ತು ಬಂತು. ತೇವಾಂಶ ಮಾಪಕ ತಂದು ಇಟ್ಟೆ: ಶೇಕಡಾ 84.

ಮಾಡಿದ್ದು ಇಷ್ಟು. ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು, ಎರಡು ಹಲಗೆಯ ಮಧ್ಯೆ ಸೇರಿಸಿ, ಮೇಲೆ 10 ಕಿಲೋ ಅಕ್ಕಿ ಚೀಲ ಹೇರಿದೆ. ಅಮ್ಮ ದಿನಾ ಬೈದುಕೊಂಡೇ ಅದರಿಂದ ಅಕ್ಕಿ ತೆಗೆದರು, ಹತ್ತು ದಿನದಲ್ಲಿ ಮುಕ್ಕಾಲು ಪಾಲು ನೆಟ್ಟಗಾಯಿತು. ಆಮೇಲೆ ಪಾಲಿಪ್ರೊಪಿಲೀನ್ ಕವರು, ಅಂಟು ಮಡಚುವ ತುದಿಯಲ್ಲಲ್ಲ, ಕವರಿನ ಮೈಮೇಲೇ ಇರುವಂಥದ್ದು. ಹಿಂದೆ ಆಮ್ಲರಹಿತ ರಟ್ಟು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅದನ್ನೂ ಅತಿಯಾಗಿ ಸುರಿಯಬೇಡಿ, ತೀರಾ ಒಣಗಿದರೆ ಬೆನ್ನಿನ ಅಂಟು ಬಿರುಕು ಬಿಡುತ್ತದೆ.

ಈಗ ಮಾಪಕ 48ರ ಆಸುಪಾಸು ನಿಂತಿದೆ. ಕಿವಿ ಮಾತ್ರ ಹೋಯಿತು.