ಹಿಂದೆ ಆಶ್ರಯ ಕೋರಿದ್ದವರು ವಿದ್ಯಾರ್ಥಿ ವೀಸಾಗೆ ಅರ್ಜಿ ಹಾಕುವಾಗ

ಯಾವುದೋ ದೇಶದಲ್ಲಿ ಹಿಂದೊಮ್ಮೆ ಆಶ್ರಯ (ಅಸೈಲಂ, ಅಂದರೆ ತಾಯ್ನಾಡಿನಲ್ಲಿ ಅಪಾಯವಿದೆ ಎಂದು ಬೇರೆ ದೇಶದ ರಕ್ಷಣೆ) ಕೋರಿದ್ದೊಂದೇ ಕಾರಣಕ್ಕೆ ವಿದ್ಯಾರ್ಥಿ ವೀಸಾದ ದಾರಿ ಮುಚ್ಚಿಹೋಗುವುದಿಲ್ಲ. ಅರ್ಜಿ ಹೆಚ್ಚಾಗಿ ಕೆಡುವುದು ಆ ವಿಷಯ ಮುಚ್ಚಿಟ್ಟಾಗ. ಆಶ್ರಯ ಕೇಳಿದಾಗ ಯುರೋಪಿನಲ್ಲಿ ಕೊಟ್ಟ ಬೆರಳಚ್ಚು ಯೂರೋಡ್ಯಾಕ್ ಎಂಬ ಬೆರಳಚ್ಚು ಭಂಡಾರದಲ್ಲಿ ಸಾಮಾನ್ಯವಾಗಿ 10 ವರ್ಷ ಉಳಿಯುತ್ತದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತಮ್ಮತಮ್ಮೊಳಗೆ ಬೆರಳಚ್ಚು ತಾಳೆ ನೋಡುತ್ತವೆ. ಸುಳ್ಳು ಸಿಕ್ಕಿಬಿದ್ದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷದವರೆಗೆ ಬಾಗಿಲು ಹಾಕಬಹುದು. ಅಮೆರಿಕದಲ್ಲಿ ವಿನಾಯಿತಿ ಸಿಗದಿದ್ದರೆ ಅದು ಜೀವನಪೂರ್ತಿ.

ವೀಸಾ ಫಾರಂನಲ್ಲಿ ಈ ಬಗ್ಗೆ ಕೇಳುವ ಪ್ರಶ್ನೆಯ ಪದಗಳನ್ನು ನಿಧಾನವಾಗಿ ಓದಿ. 'ಆಶ್ರಯ ನಿರಾಕರಿಸಲಾಗಿದೆಯೇ' ಎನ್ನುವುದು ಬೇರೆ, 'ಎಂದಾದರೂ ಕೋರಿದ್ದೀರಾ' ಎನ್ನುವುದು ಬೇರೆ. ಬ್ರಿಟನ್ನಿನ ಫಾರಂ ತನ್ನ ದೇಶದ್ದಷ್ಟೇ ಅಲ್ಲ, ಬೇರೆ ಯಾವುದೇ ದೇಶದ ನಿರಾಕರಣೆಯನ್ನೂ ಕೇಳುತ್ತದೆ. ಕೋರಿಕೆಯನ್ನು ನೀವೇ ಹಿಂತೆಗೆದುಕೊಂಡಿದ್ದರೆ ವಿವರಣೆಯ ಜಾಗದಲ್ಲಿ ಹಾಗೆಂದೇ ಬರೆಯಿರಿ.

ಫಾರಂ ತುಂಬುವ ಮುನ್ನ, ಸಾಧ್ಯವಾದರೆ ಪ್ರವೇಶ ಶುಲ್ಕ ಕಟ್ಟುವ ಮುನ್ನವೇ, ನಿಮ್ಮ ಹಳೆಯ ಕಡತದ ಪ್ರತಿ ತರಿಸಿಕೊಳ್ಳಿ: ಕೋರಿಕೆಯ ಫಾರಂ, ಸಂದರ್ಶನದ ಟಿಪ್ಪಣಿ, ತೀರ್ಮಾನದ ಪತ್ರ. ನಿಮ್ಮದೇ ದಾಖಲೆ ಕೇಳಿ ಪಡೆಯುವ ವ್ಯವಸ್ಥೆ ಬ್ರಿಟನ್, ಯುರೋಪಿನ ಒಕ್ಕೂಟ, ಕೆನಡಾ, ಅಮೆರಿಕ ಎಲ್ಲೆಡೆ ಇದೆ. ತಿಂಗಳು ಹಿಡಿಯಬಹುದು, ಹೆಚ್ಚೂ ಆಗಬಹುದು. ಬಂದ ಮೇಲೆ ಸಾಲುಸಾಲಾಗಿ ತಾಳೆ ನೋಡಿ. ಹೆಸರಿನ ಕಾಗುಣಿತ, ಮದುವೆ, ಒಡಹುಟ್ಟಿದವರ ಸಂಖ್ಯೆ, ಕೆಲಸ ಮಾಡಿದ ಜಾಗ, ಪ್ರಯಾಣದ ತಾರೀಖು: ಎಡವುವುದು ಇಲ್ಲೇ. ಹಣದ ವಿಷಯದಲ್ಲಂತೂ ಇನ್ನೂ ಎಚ್ಚರ. 'ಮನೆಯವರ ಆಸ್ತಿಯೆಲ್ಲ ಹೋಯಿತು' ಎಂದು ಅಂದು ಹೇಳಿ, ಇಂದು ತಂದೆಯ ದೊಡ್ಡ ಠೇವಣಿ ತೋರಿಸಿದರೆ ಅಧಿಕಾರಿ ಆ ದುಡ್ಡಿನ ಮೂಲ ಕೇಳದೆ ಬಿಡುವುದಿಲ್ಲ.

ನೀವು ಆ ದೇಶ ಬಿಟ್ಟ ಬಗೆಯೂ ಅಷ್ಟೇ ಮುಖ್ಯ. ಕೆನಡಾದಲ್ಲಿ ಕೋರಿಕೆ ಬಿದ್ದುಹೋದವರಿಗೆ ಸಾಮಾನ್ಯವಾಗಿ ನಿರ್ಗಮನ ಆದೇಶ ಇರುತ್ತದೆ. ಅದು ಜಾರಿಗೆ ಬಂದ 30 ದಿನದೊಳಗೆ ಹೊರಟು, ಗಡಿ ಅಧಿಕಾರಿಯಿಂದ ನಿರ್ಗಮನದ ಪ್ರಮಾಣಪತ್ರ ಪಡೆಯಬೇಕು. ವಿಮಾನ ಹತ್ತಿದರಾಯಿತು ಎಂದುಕೊಂಡು ಪ್ರಮಾಣಪತ್ರ ಬಿಟ್ಟವರಿಗೆ ಅದೇ ಆದೇಶ ಗಡೀಪಾರು ಆದೇಶವಾಗಿ ತಿರುಗುತ್ತದೆ. ಆಮೇಲೆ ಮರಳಲು ಪ್ರತ್ಯೇಕ ಅನುಮತಿ ಬೇಕು. ಅಮೆರಿಕದಲ್ಲಿ ಅಕ್ರಮ ವಾಸ 180 ದಿನ ದಾಟಿ ಹೊರಬಂದವರಿಗೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚಾದರೆ 10 ವರ್ಷ ತಡೆ. ಆಶ್ರಯದ ಅರ್ಜಿ ಪ್ರಾಮಾಣಿಕವಾಗಿದ್ದು, ಅನುಮತಿಯಿಲ್ಲದೆ ದುಡಿಯದಿದ್ದರೆ, ಅದು ಬಾಕಿಯಿದ್ದ ಅವಧಿ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ಬಾಕಿಯಿರುವ ಅರ್ಜಿಯೇ ಒಂದು ವೀಸಾ ಅಲ್ಲ. ಅದನ್ನು ನಂಬಿ ಅಲ್ಲಿಂದಲೇ ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಳ್ಳಲು ಆಗುವುದಿಲ್ಲ.

ಇನ್ನು ವಿವರಣೆಯ ಪತ್ರ. ಒಂದು ಪುಟ ಸಾಕು, ಗೋಳು ಬೇಡ. ಅಧಿಕಾರಿಯ ತಲೆಯಲ್ಲಿ ಎರಡೇ ಪ್ರಶ್ನೆ: ಅಂದು ಜೀವಭಯ ಎಂದವರು ಓದು ಮುಗಿಸಿ ಊರಿಗೆ ಹೇಗೆ ಮರಳುತ್ತಾರೆ? ಹೋದ ಮೇಲೆ ಮತ್ತೆ ಆಶ್ರಯ ಕೇಳುತ್ತಾರೆಯೇ? ಎಲ್ಲಿ, ಯಾವಾಗ ಕೋರಿದಿರಿ, ತೀರ್ಮಾನವೇನು, ಹೇಗೆ ಹೊರಟಿರಿ ಎಂಬುದನ್ನು ಮೊದಲ ನಾಲ್ಕು ಸಾಲಿನಲ್ಲೇ ಹೇಳಿಬಿಡಿ. ಆಮೇಲೆ ಏನು ಬದಲಾಯಿತು ಎಂಬುದು, ಕಾಗದದ ಸಮೇತ: ಮೊಕದ್ದಮೆ ಮುಗಿದ ಆದೇಶ, ಊರಿಗೆ ಮರಳಿ ಮಾಡಿದ ಕೆಲಸದ ಪತ್ರ, ತೆರಿಗೆ ದಾಖಲೆ. ಕೊನೆಗೆ ಈ ಕೋರ್ಸ್ ಏಕೆ ಎಂಬುದು. ಪರಿಸ್ಥಿತಿ ಬದಲಾಗಿಲ್ಲದಿದ್ದರೆ ಬದಲಾಗಿದೆ ಎಂದು ಬರೆಯಬೇಡಿ. 'ಏಜೆಂಟ್ ಹೇಳಿಕೊಟ್ಟ ಕಥೆ ಅದು' ಎಂಬ ಸಾಲು ವಂಚನೆಯ ತಪ್ಪೊಪ್ಪಿಗೆಯಾಗುತ್ತದೆ. ಹಿಂದಿನದರಲ್ಲಿ ಸುಳ್ಳಿದ್ದರೆ ವಲಸೆ ವಕೀಲರನ್ನು ಕಾಣದೆ ಪತ್ರಕ್ಕೆ ಕೈಹಾಕಬೇಡಿ. ವಿಶ್ವವಿದ್ಯಾಲಯ ವಲಸೆ ಇತಿಹಾಸ ಕೇಳಿದರೆ, ವೀಸಾ ಫಾರಂನಲ್ಲಿ ಕೊಡುವ ಉತ್ತರವನ್ನೇ ಅಲ್ಲೂ ಕೊಡಿ.

ಆಶ್ರಯ ಸಿಕ್ಕಿ ಇಂದಿಗೂ ನಿರಾಶ್ರಿತರಾಗಿ ಉಳಿದವರು ತಾಯ್ನಾಡಿನ ಪಾಸ್‌ಪೋರ್ಟ್ ನವೀಕರಿಸಿದರೆ ಆ ಸ್ಥಾನಮಾನಕ್ಕೇ ಕುತ್ತು ಬರಬಹುದು. ಆಶ್ರಯ ಕೊಟ್ಟ ದೇಶ ಪಾಸ್‌ಪೋರ್ಟ್ ಬದಲಿಗೆ ಕೊಡುವ ನಿರಾಶ್ರಿತರ ಪ್ರಯಾಣ ದಾಖಲೆಯ ಮೇಲೆ ವೀಸಾ ಕೊಡುತ್ತಾರೆಯೇ ಎಂದು ಮೊದಲು ವಿಚಾರಿಸಿ.

ವೀಸಾ ತಿರಸ್ಕೃತವಾದರೆ ಅದೇ ಕಾಗದಗಳೊಂದಿಗೆ ಮರುವಾರವೇ ಮತ್ತೆ ಹಾಕುವುದು ದುಡ್ಡು ದಂಡ. ಅಧಿಕಾರಿಯ ಟಿಪ್ಪಣಿ ತರಿಸಿ, ಅವರು ಎತ್ತಿದ ಸಂಶಯಕ್ಕೆ ಹೊಸ ದಾಖಲೆ ಸಿಕ್ಕ ಮೇಲೆ ಹಾಕಿ.