ಅಂಗಡಿಗೆ ಮೊದಲ್ನೇ ಕೆಲಸದವ್ರನ್ನ ಸೇರಿಸ್ಕೊಳ್ಳೋ ಮುಂಚೆ

ಮೊದ್ಲು ಒಂದ್ ವಾರ ನೀವ್ ದಿನಾ ಮಾಡೋ ಕೆಲಸ ಎಲ್ಲಾ ಬರೆದಿಡಿ, ಅದ್ರಲ್ಲಿ ಬೇರೆಯವ್ರಿಗೆ ವಹಿಸ್ಬಹುದಾದ್ದು ಯಾವ್ದು ಅಂತ ಗುರುತು ಹಾಕಿ. ಸಂಬಳಕ್ಕೆ ಪಕ್ಕದಂಗಡಿಯವ್ರನ್ನ ಕೇಳೋದಲ್ಲ, ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಪಟ್ಟಿ ನೋಡಿ, ಅದಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ, ವಾರಕ್ಕೊಂದು ರಜೆನೂ ಕೊಡ್ಲೇಬೇಕು. ಪಿಎಫ್ (ಭವಿಷ್ಯ ನಿಧಿ) ಸಾಮಾನ್ಯವಾಗಿ 20 ಜನ ಆದ್ಮೇಲೆ, ಇಎಸ್‌ಐ (ಕೆಲಸದವ್ರ ಆರೋಗ್ಯ ವಿಮೆ) 10 ಜನ ಆದ್ಮೇಲೆ ಬರುತ್ತೆ, ಒಬ್ರಿಗೆ ಈಗ್ಲೇ ಹೆದರ್ಬೇಡಿ.

ಆದ್ರೆ ನೇಮಕದ ಪತ್ರ ಕೊಡಿ, ಕನ್ನಡದಲ್ಲೇ ಒಂದ್ ಪುಟ ಸಾಕು, ಸಂಬಳ ಎಷ್ಟು, ಟೈಮ್ ಏನು, ರಜೆ ಯಾವತ್ತು, ಬಿಡೋದಾದ್ರೆ ಎಷ್ಟ್ ದಿನ ಮುಂಚೆ ಹೇಳ್ಬೇಕು ಅಂತ ಇರ್ಲಿ. ಪರಿಚಯದವ್ರ ಹುಡುಗ ಅಂತ ಬಾಯ್ಮಾತಲ್ಲೇ ಮುಗಿಸ್ಬೇಡಿ ಪ್ಲೀಸ್, ಮನಸ್ತಾಪ ಶುರುವಾಗೋದೇ ಅಲ್ಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ಳೋದು ತುಂಬಾ ತಪ್ಪು, ಜೆರಾಕ್ಸ್ ಸಾಕು. ಸಂಬಳ ಅವ್ರ ಬ್ಯಾಂಕ್ ಖಾತೆಗೇ ಹಾಕಿ, ಇಬ್ರಿಗೂ ದಾಖಲೆ ಇರುತ್ತೆ.