ಲಾಡಿ ಸೊಂಟ ಕೊರೆಯದ ಒಳಲಂಗ: ನಾನು ಹೊಲಿಯುವ ಬಗೆ

ಉತ್ತರ ಕರ್ನಾಟಕದ ಕಚ್ಚೆ ಸೀರೆಗೆ ಒಳಲಂಗ ಬೇಕಿರಲಿಲ್ಲ. ಎಂಟು-ಒಂಬತ್ತು ಗಜದ ಸೀರೆಯೇ ಕಾಲುಗಳ ನಡುವೆ ಹಾದು, ಹಿಂದೆ ಸಿಕ್ಕಿಸಿಕೊಂಡು ಭದ್ರವಾಗಿ ನಿಲ್ಲುತ್ತಿತ್ತು. ಇಂದಿನ ರೂಢಿಗೆ ದಾರಿ ಮಾಡಿದವರಲ್ಲಿ ಕವಿ ರವೀಂದ್ರನಾಥ ಟ್ಯಾಗೋರರ ಅತ್ತಿಗೆ ಜ್ಞಾನದಾನಂದಿನಿ ದೇವಿ ಮುಖ್ಯರು. 1864ರಲ್ಲಿ ಗಂಡ ಸತ್ಯೇಂದ್ರನಾಥ ಟ್ಯಾಗೋರರ ಜೊತೆ ಮುಂಬಯಿಗೆ ಹೋದ ಅವರು, ಪಾರ್ಸಿ ಹೆಂಗಸರ ಉಡುಗೆ ನೋಡಿ, ಸೀರೆಯೊಳಗೆ ಪೆಟಿಕೋಟು, ಮೇಲೆ ಜಾಕೀಟು ತೊಡುವ ಕ್ರಮವನ್ನು ಬಂಗಾಳಕ್ಕೆ ಒಯ್ದರು. ಹೀಗೆ ಸೀರೆಯ ಇಡೀ ಭಾರ ಒಂದು ಲಾಡಿಯ ಮೇಲೆ ಬಿತ್ತು. ಸೀರೆ ಜಾರದಿರಲೆಂದು ಬಿಗಿದಷ್ಟೂ ಅದು ಚರ್ಮ ಕೊರೆಯುತ್ತದೆ. ಕಪ್ಪು ಗೆರೆ, ತುರಿಕೆ ಶುರುವಾಗುತ್ತದೆ. ಲಾಡಿಯನ್ನೋ ಸೀರೆಯನ್ನೋ ಸೊಂಟಕ್ಕೆ ಬಿಗಿದ ಜಾಗದಲ್ಲಿ ಹುಣ್ಣು ಆರದೆ ಚರ್ಮದ ಕ್ಯಾನ್ಸರ್ ಆದ ಇಬ್ಬರು ಮಹಿಳೆಯರ ವಿವರ 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಾಗಾಗಿ ಲಂಗದಲ್ಲಿ ನಾನು ಮೊದಲು ನೋಡುವುದು ಸೊಂಟಪಟ್ಟಿಯನ್ನೇ.

ಸೊಂಟ 34, ಹಿಪ್ 40, ಉದ್ದ 38 ಇಂಚಿನ ಲಂಗಕ್ಕೆ 36 ಇಂಚು ಪನ್ನದ (ಅಗಲದ) ಕಾಟನ್ ಪಾಪ್ಲಿನ್ ಎರಡೂವರೆ ಮೀಟರ್ ಸಾಕು. ಸ್ಯಾಟಿನ್ ಬೇಡ, ಅದರ ಮೇಲೆ ರೇಷ್ಮೆ ಸೀರೆ ಜಾರುತ್ತದೆ. ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗಿ ಪಾದಕ್ಕಿಂತ ಮೇಲೇ ನಿಲ್ಲುತ್ತದೆ.

37 ಇಂಚು ಉದ್ದದ ಎರಡು ತುಂಡು ತೆಗೆದುಕೊಳ್ಳಿ. ಪ್ರತಿ ತುಂಡಿನಲ್ಲಿ ಮೇಲೆ ಎಡಗಡೆಯಿಂದ 12, ಕೆಳಗೆ ಎಡಗಡೆಯಿಂದ 24 ಇಂಚಿಗೆ ಗುರುತು ಹಾಕಿ ಓರೆಯಾಗಿ ಕತ್ತರಿಸಿ. ಬಲಗಡೆಯ ಪೀಸನ್ನು ತಲೆಕೆಳಗು ಮಾಡಿಕೊಂಡರೆ ಮೇಲೆ 12, ಕೆಳಗೆ 24 ಇಂಚಿನ ನಾಲ್ಕು ಪೀಸು ಸಿಗುತ್ತವೆ, ಚೂರೂ ವ್ಯರ್ಥವಿಲ್ಲ. ಜೋಡಿಸುವಾಗ ಒಂದರ ಓರೆ ಅಂಚಿಗೆ ಇನ್ನೊಂದರ ನೇರ ಅಂಚನ್ನೇ ಸೇರಿಸಿ. ಓರೆಗೆ ಓರೆ ಸೇರಿಸಿದರೆ ಹೊಲಿಗೆ ಜಗ್ಗಿ, ತಿಂಗಳೊಳಗೆ ಲಂಗದ ಅಂಚು ಅಲ್ಲಲ್ಲಿ ಇಳಿಬೀಳುತ್ತದೆ. ಓರೆ ಅಂಚು ನೇರ ಅಂಚಿಗಿಂತ ಸುಮಾರು 2 ಇಂಚು ಉದ್ದ ಇರುತ್ತದೆ. ಮೇಲಿನ ಅಂಚು ಸಮ ಇಟ್ಟು ಹೊಲಿದು, ಕೆಳಗೆ ಮಿಕ್ಕಿದ್ದನ್ನು ಕಮಾನಿನಂತೆ ಸವರಿ ತೆಗೆಯಿರಿ. ಒಂದು ಪಕ್ಕದ ಹೊಲಿಗೆಯಲ್ಲಿ ಮೇಲಿನಿಂದ 7 ಇಂಚು ತೆರೆದು ಬಿಡಿ. ಅದರ ತುದಿಗೆ ಅಡ್ಡ ಹೊಲಿಗೆ ಹಾಕದಿದ್ದರೆ ಲಂಗ ಹರಿಯುವುದು ಅಲ್ಲಿಂದಲೇ.

ಪಟ್ಟಿಗೆ 6 ಇಂಚು ಅಗಲದ ಬಟ್ಟೆ ಬೇಕು. ಮಡಿಚಿ ಹೊಲಿದಾಗ ಎರಡೂವರೆ ಇಂಚು ಬರುತ್ತದೆ. ಅದರ ನಡುವೆ ಒಂದು ಹೊಲಿಗೆ ಎಳೆದು, ಮೇಲಿನ ಅರ್ಧದಲ್ಲಿ ಮಾತ್ರ ಲಾಡಿ ಏರಿಸಿ. ದುಂಡನೆಯ ದಾರ ಬೇಡ. ಉಳಿದ ಬಟ್ಟೆಯಲ್ಲೇ 1 ಇಂಚು ಅಗಲ, 70 ಇಂಚು ಉದ್ದದ ಚಪ್ಪಟೆ ಲಾಡಿ ಹೊಲಿದರೆ ಅದು ಸೊಂಟದ ಮೇಲೆ ಹಾಸಿದಂತೆ ಕೂರುತ್ತದೆ.

ಕಟ್ಟಿಕೊಂಡು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ನೋಡಿ. ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ಲಾಡಿಯ ನಡುಭಾಗವನ್ನು ಬೆನ್ನಿನ ಕಡೆ ಪಟ್ಟಿಗೆ ಸೇರಿಸಿ ಹೊಲಿದುಬಿಡಿ, ಒಗೆಯುವಾಗ ಕಳಚಿ ಬರುವುದಿಲ್ಲ.